ಸರ್ಕಲ್‌ನಲ್ಲಿ ಗಾಡಿ ಎಣಿಸಿದ ಮೇಲೆ ಏನಾಗುತ್ತೆ? ಒನ್‌ವೇ, ಸಿಗ್ನಲ್ ಹಿಂದಿನ ಕಂಪ್ಯೂಟರ್ ಲೆಕ್ಕ

ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲಿ ಪ್ಯಾಡು, ಪೆನ್ನು ಹಿಡ್ಕೊಂಡು ಗೀಟು ಹಾಕುತ್ತಾ ನಿಂತ ಹುಡುಗರನ್ನು ನೀವು ಯಾವಾಗಲಾದರೂ ನೋಡಿರ್ತೀರಿ. ಈಗೀಗ ಹುಡುಗರ ಬದಲು ಕರೆಂಟ್ ಕಂಬಕ್ಕೆ ಕ್ಯಾಮೆರಾ ಕಟ್ಟಿ ಹೋಗುವುದೂ ಉಂಟು. ಏನಪ್ಪಾ ಇದು ಅಂತ ಕೇಳಿದರೆ ‘ಸರ್ವೆ ಸಾರ್’ ಅಂತಾರೆ, ಅಷ್ಟೇ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ರಸ್ತೆ ಒನ್‌ವೇ ಆಗುತ್ತಂತೆ, ಡಿವೈಡರ್ ಬರುತ್ತಂತೆ, ಅಂಗಡಿ ಮುಂದೆ ಗಾಡಿ ನಿಲ್ಲಿಸೋ ಹಾಗಿಲ್ಲವಂತೆ ಅಂತ ಸುದ್ದಿ. ಸಭೆಯಲ್ಲಿ ಗಲಾಟೆ ಆಗುತ್ತೆ. ‘ವೈಜ್ಞಾನಿಕವಾಗಿ ಸ್ಟಡಿ ಮಾಡಿಸಿದ್ದೇವೆ’ ಅನ್ನೋ ಉತ್ತರ ಬಂದ ಕೂಡಲೇ ನಮ್ಮವರು ಸುಮ್ಮನಾಗ್ತಾರೆ.

ಆ ಸ್ಟಡಿ ಒಳಗೆ ಏನಿರುತ್ತೆ ಅಂತ ಸ್ವಲ್ಪ ಗೊತ್ತಿದ್ದರೂ ಸಭೆಯಲ್ಲಿ ಕೇಳೋ ಪ್ರಶ್ನೆ ಬೇರೆ ಆಗುತ್ತೆ. ಹಾಗಾಗಿ ಈ ಬರಹ.

ಎತ್ತಿನ ಗಾಡಿಗೆ 8, ಬೈಕಿಗೆ ಅರ್ಧ

ಗೀಟು ಹಾಕಿದ್ದನ್ನು ಹಾಗೇ ಕೂಡಿಸೋದಿಲ್ಲ. ಬೈಕು, ಬಸ್ಸು, ಟ್ರ್ಯಾಕ್ಟರ್ ಎಲ್ಲವನ್ನೂ ಕಾರಿನ ಅಳತೆಗೆ ತರುತ್ತಾರೆ. ಇದಕ್ಕೆ ಪ್ಯಾಸೆಂಜರ್ ಕಾರ್ ಯೂನಿಟ್, ಚಿಕ್ಕದಾಗಿ ಪಿಸಿಯು ಅಂತ ಹೆಸರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರಡಿಸಿದ ಐಆರ್‌ಸಿ 64 ಅನ್ನೋ ಮಾರ್ಗಸೂಚಿಯಲ್ಲಿ, ಊರ ಹೊರಗಿನ ರಸ್ತೆಗಳಿಗೆ ಇದರ ಪಟ್ಟಿ ಇದೆ. ಕಾರು, ಆಟೋ 1. ಬೈಕು, ಸೈಕಲ್ 0.5. ಬಸ್ಸು, ಲಾರಿ 3. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5. ಕೈಗಾಡಿ 3. ಎತ್ತಿನ ಗಾಡಿ 8! ನಿಧಾನಕ್ಕೆ ಹೋಗೋದರಿಂದ ಒಂದು ಎತ್ತಿನ ಗಾಡಿ ಹದಿನಾರು ಬೈಕಿನಷ್ಟು ರಸ್ತೆ ಹಿಡಿಯುತ್ತೆ ಅನ್ನೋದು ಲೆಕ್ಕ. ಊರೊಳಗಿನ ರಸ್ತೆಗೆ ಐಆರ್‌ಸಿ 106 ಅಂತ ಬೇರೆ ಪಟ್ಟಿ ಇದೆ. ಅದರಲ್ಲಿ ಒಟ್ಟು ಗಾಡಿಗಳಲ್ಲಿ ಆಯಾ ಗಾಡಿಯ ಪಾಲು ಎಷ್ಟು ಅನ್ನೋದರ ಮೇಲೆ ಅಂಕಿ ಹೆಚ್ಚು ಕಡಿಮೆ ಆಗುತ್ತೆ.

ಇದು ಯಾಕೆ ಮುಖ್ಯ ಅಂತೀರಾ? ಒಂದು ಲೆಕ್ಕ ಹಾಕೋಣ. ಊರ ಹೊರಗಿನ ರಸ್ತೆಯಲ್ಲಿ ಒಂದು ಗಂಟೆಗೆ 400 ಬೈಕು, 100 ಕಾರು, 60 ಆಟೋ, 30 ಬಸ್ಸು-ಲಾರಿ, 20 ಟ್ರ್ಯಾಕ್ಟರ್-ಟ್ರೇಲರ್ ಹೋಯ್ತು ಅಂತಿಟ್ಕೊಳ್ಳಿ. ಒಟ್ಟು 610 ಗಾಡಿ, ಪಿಸಿಯು ಲೆಕ್ಕದಲ್ಲಿ 540. ಕಬ್ಬಿನ ಸೀಸನ್ ಬಂತು, ಟ್ರ್ಯಾಕ್ಟರ್ 20 ಇದ್ದದ್ದು 60 ಆಯ್ತು, ಉಳಿದದ್ದೆಲ್ಲ ಮೊದಲಿನಷ್ಟೇ. ಗಾಡಿ ಸಂಖ್ಯೆ 650 ಆಗುತ್ತೆ, ಹೆಚ್ಚೇನಿಲ್ಲ. ಪಿಸಿಯು ಮಾತ್ರ 720ಕ್ಕೆ ಏರುತ್ತೆ. ರಸ್ತೆ ಮೇಲಿನ ಹೊರೆ ಮೂರನೇ ಒಂದು ಪಾಲು ಜಾಸ್ತಿ. ಅಂದರೆ ಸರ್ವೆ ಜೂನ್‌ನಲ್ಲಿ ಆಯ್ತೋ, ಕಬ್ಬು ಅರೆಯೋ ಕಾಲದಲ್ಲಿ ಆಯ್ತೋ ಅನ್ನೋದರ ಮೇಲೆ ಬರೋ ಉತ್ತರವೇ ಬೇರೆ.

ಈ ವಿಷಯ ನಿಯಮ ಬರೆದವರಿಗೆ ಗೊತ್ತಿಲ್ಲದ್ದೇನಲ್ಲ. 1972ರ ಐಆರ್‌ಸಿ 9 ಪ್ರಕಾರ, ಊರ ಹೊರಗಿನ ರಸ್ತೆಗಳಲ್ಲಿ ವರ್ಷಕ್ಕೆ ಕನಿಷ್ಠ ಎರಡು ಸಲ, ಪ್ರತಿ ಸಲ ಏಳು ದಿನ ಒಂದೇ ಸಮನೆ, ಹಗಲೂ ರಾತ್ರಿ ಎಣಿಸಬೇಕು. ಒಂದು ಸಲ ಸುಗ್ಗಿ, ಮಾರುಕಟ್ಟೆ ಜೋರಾಗಿರೋ ಕಾಲ. ಇನ್ನೊಂದು ಸಲ ವ್ಯವಹಾರ ಕಡಿಮೆ ಇರೋ ಕಾಲ. ಏಳು ದಿನ ಎಣಿಸಿದರೆ ಸಂತೆ ದಿನ ತಾನಾಗೇ ಒಳಗೆ ಬರುತ್ತೆ. ಜಾತ್ರೆಯಂಥ ವಿಶೇಷ ದಿನ ಬಂದರೆ ಎಣಿಕೆಯನ್ನು ಮುಂದಕ್ಕೆ ಹಾಕಬೇಕು ಅಂತಲೂ ಅದರಲ್ಲಿದೆ. ಅದು ಸರಿಯೇ, ವರ್ಷಕ್ಕೊಂದು ಜಾತ್ರೆಗೆ ಅಂತ ರಸ್ತೆ ಅಗಲ ಮಾಡೋಕಾಗಲ್ಲ. ಆದರೆ ಊರೊಳಗಿನ ಸರ್ಕಲ್ಲಿಗೆ ಸರ್ವೆ ಅಂತ ಬಂದವರು ಒಂದೇ ದಿನ, ಅದೂ ಸಂತೆ ಇಲ್ಲದ ದಿನ ಎಣಿಸಿ ಹೋಗಿದ್ದರೆ, ಮುಂದಿನ ಲೆಕ್ಕ ಎಷ್ಟೇ ಹೈಟೆಕ್ ಆಗಿದ್ದರೂ ಬುಡವೇ ಸೊಟ್ಟ.

ಕಂಪ್ಯೂಟರ್ ಒಳಗಿನ ಸರ್ಕಲ್

ಎಣಿಸಿದ ಅಂಕಿ ಮುಂದೆ ಸಿಮ್ಯುಲೇಷನ್ ಸಾಫ್ಟ್‌ವೇರ್‌ಗೆ ಹೋಗುತ್ತೆ. ಜರ್ಮನಿಯ ಪಿಟಿವಿ ಕಂಪನಿಯ ವಿಸ್ಸಿಮ್ ಹೆಸರಾದದ್ದು, ದುಡ್ಡು ಕೊಟ್ಟು ತಗೋಬೇಕು. ಅದೇ ದೇಶದ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ 2001ರಲ್ಲಿ ಹೊರತಂದ ಸುಮೋ ಅನ್ನೋದು ಉಚಿತ. ಊರಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರೂ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡು ನೋಡಬಹುದು.

ಇದರ ಒಳಗೆ ಒಂದೊಂದು ಗಾಡಿಗೂ ಒಬ್ಬ ಡ್ರೈವರ್ ಇದ್ದ ಹಾಗೆ. ಸೆಕೆಂಡಿಗೊಮ್ಮೆ, ಕೆಲವು ಸಲ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ, ಪ್ರತಿ ಗಾಡಿಯೂ ಮುಂದಿನದನ್ನು ನೋಡುತ್ತೆ: ಎಷ್ಟು ದೂರ ಇದೆ, ಎಷ್ಟು ಸ್ಪೀಡಲ್ಲಿ ಇದೆ, ನಾನು ಬ್ರೇಕ್ ಹಾಕಲಾ, ಆಕ್ಸಿಲರೇಟರ್ ಕೊಡಲಾ. ಇಂಥ ಸಾವಿರಾರು ಸಣ್ಣ ತೀರ್ಮಾನ ಸೇರಿ ಪರದೆ ಮೇಲೆ ಒಂದು ಜಾಮ್ ಹುಟ್ಟುತ್ತೆ. ಸುಳ್ಳು ಅನ್ನಿಸಬಹುದು, ಆದರೆ ನಿಜವಾದ ರಸ್ತೆಯಲ್ಲೂ ಹೀಗೇ ಆಗುತ್ತೆ. ಜಪಾನಿನ ಸುಗಿಯಾಮಾ ಮತ್ತು ಸಂಗಡಿಗರು 230 ಮೀಟರ್ ಸುತ್ತಳತೆಯ ದುಂಡಗಿನ ರಸ್ತೆಯಲ್ಲಿ 22 ಕಾರು ಬಿಟ್ಟು, ಎಲ್ಲರೂ ಸುಮಾರು 30 ಕಿ.ಮೀ. ವೇಗದಲ್ಲಿ ಹೋಗಿ ಅಂದರು. ಸಿಗ್ನಲ್ ಇಲ್ಲ, ಹಳ್ಳ ಇಲ್ಲ, ದನ ಅಡ್ಡ ಬಂದಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೆಲವು ಕಾರು ಪೂರ್ತಿ ನಿಂತುಹೋದವು, ಆ ನಿಂತ ಗುಂಪು ಅಲೆಯ ಹಾಗೆ ಹಿಂದಕ್ಕೆ ಸರಿಯುತ್ತಾ ಹೋಯಿತು. 2008ರಲ್ಲಿ ಈ ಪ್ರಯೋಗ ಪ್ರಕಟವಾಯ್ತು. ಒಬ್ಬ ಸ್ವಲ್ಪ ಬ್ರೇಕ್ ಮುಟ್ಟಿದರೆ ಹಿಂದಿನವನು ಅದಕ್ಕಿಂತ ಸ್ವಲ್ಪ ಜಾಸ್ತಿ ಒತ್ತುತ್ತಾನೆ, ಹಾಗೇ ಬೆಳೆಯುತ್ತೆ. ಕಿಕ್ಕಿರಿದ ರಸ್ತೆಯಲ್ಲಿ ಜಾಮ್ ಆಗೋಕೆ ತಪ್ಪು ಮಾಡಿದವನೊಬ್ಬ ಇರಲೇಬೇಕು ಅಂತಿಲ್ಲ.

‘ಎಷ್ಟು ಕಿಕ್ಕಿರಿದಿದೆ’ ಅನ್ನೋದನ್ನು ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಿಲ್ಲಿಂಗ್ ಕೌಂಟರ್ ನೋಡಿ. ಗಿರಾಕಿಗಳು ಹೊತ್ತು ಗೊತ್ತಿಲ್ಲದೆ ಬರ್ತಾರೆ, ಒಬ್ಬೊಬ್ಬರ ಬಿಲ್ಲಿಗೆ ಒಂದೊಂದು ಸಮಯ ಹಿಡಿಯುತ್ತೆ. ಕೌಂಟರ್ ದಿನದಲ್ಲಿ ಶೇ 80ರಷ್ಟು ಹೊತ್ತು ಬಿಜಿ ಇದ್ದರೆ, ಕ್ಯೂ ಲೆಕ್ಕದ ಸರಳ ಸೂತ್ರದ ಪ್ರಕಾರ ಸರಾಸರಿ 4 ಜನ ಇರ್ತಾರೆ. ಶೇ 90 ಆದರೆ 9 ಜನ. ಶೇ 95 ಆದರೆ 19! ಸರ್ಕಲ್ಲೂ ಹೀಗೇ. ಹಾಗಾಗಿ ‘ಒಂದು ಕಾರು ಅಡ್ಡ ನಿಲ್ಲಿಸಿದರೆ ಏನಾಗುತ್ತೆ’ ಅನ್ನೋ ಮಾತು ಬೆಳಿಗ್ಗೆ ಏಳಕ್ಕೆ ಸರಿ, ಸಂಜೆ ಆರಕ್ಕೆ ತಪ್ಪು. ಇಲ್ಲಿ ಇಂಜಿನಿಯರ್‌ಗಳ ಕಡೆಗೇ ನ್ಯಾಯ ಇದೆ, ನಮ್ಮವರೂ ಒಪ್ಪಬೇಕು.

ಅವರ ಕಡೆ ತಕರಾರು ಇರೋದು ಬೇರೆ ಜಾಗದಲ್ಲಿ. ಈ ಸಾಫ್ಟ್‌ವೇರ್‌ಗಳ ಮೂಲ ಡ್ರೈವರ್ ಯುರೋಪಿನವನು. ವಿಸ್ಸಿಮ್ ಬಳಸೋದು ವೀಡೆಮನ್ ಅನ್ನೋರು 1974ರಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ರೂಪಿಸಿದ ಮಾದರಿಯನ್ನು. ಅವನು ಲೇನ್ ಬಿಡಲ್ಲ, ಲಾರಿ ಪಕ್ಕದ ಸಂದಿಯಲ್ಲಿ ಬೈಕ್ ನುಗ್ಗಿಸಲ್ಲ, ಕೈ ಎತ್ತಿದವರಿಗೆ ಅಂತ ನಡುರಸ್ತೆಯಲ್ಲಿ ಆಟೋ ನಿಲ್ಲಿಸಲ್ಲ. ಸುಮೋದಲ್ಲಿ ಒಂದೇ ಲೇನಿನೊಳಗೆ ಗಾಡಿಗಳು ಪಕ್ಕಪಕ್ಕ ಹೋಗೋ ಸೌಲಭ್ಯ ಇದೆ, ಆದರೆ ಕೆಲಸ ಮಾಡೋರು ಅದನ್ನು ಆನ್ ಮಾಡಬೇಕು. ನಮ್ಮ ಮಿಶ್ರ ಸಂಚಾರಕ್ಕೆ ಅಂತಲೇ ಐಐಟಿ ಮದ್ರಾಸ್‌ನಲ್ಲಿ ಹೆಟೆರೊಸಿಮ್ ಅನ್ನೋ ಮಾದರಿ ಮಾಡಿದ್ದರು. ದೆಹಲಿಯ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ಭಾರತದ ರಸ್ತೆಗಳಿಗೆ ಅಂತ ಇಂಡೋ-ಎಚ್‌ಸಿಎಂ 2017 ಅನ್ನೋ ಕೈಪಿಡಿಯನ್ನೇ ಸಿದ್ಧ ಮಾಡಿದೆ. ಸಾಧನ ಇದೆ, ಬಳಸಿದ್ದಾರಾ ಅನ್ನೋದು ಪ್ರಶ್ನೆ.

ಲೆಕ್ಕಕ್ಕೆ ಬಾರದ್ದು

ಮಾಡೆಲ್ ಸಾಮಾನ್ಯವಾಗಿ ಅಳೆಯೋದು ಗಾಡಿಯವರು ಎಷ್ಟು ಸೆಕೆಂಡ್ ಕಾಯ್ತಾರೆ, ಸಾಲು ಎಷ್ಟು ಉದ್ದ ಅಂತ. ತರಕಾರಿ ಚೀಲ ಹಿಡಿದು ರಸ್ತೆ ದಾಟೋ ಅಜ್ಜಿ, ಶಾಲೆ ಬಿಟ್ಟ ಮಕ್ಕಳು ಯಾರಾದರೂ ಹಾಕಿದರೆ ಮಾತ್ರ ಅದರೊಳಗೆ ಇರ್ತಾರೆ. ಬೆಳಿಗ್ಗೆ ಮೂಟೆ ಇಳಿಸೋ ಲಾರಿಯ ಅರ್ಧ ಗಂಟೆ ಅದಕ್ಕೆ ಬರೀ ಅಡ್ಡಿ. ಒನ್‌ವೇ ಆದ ಮೇಲೆ ಗಿರಾಕಿ ಒಂದು ಸುತ್ತು ಹಾಕಿಕೊಂಡು ಬರ್ತಾನೋ, ಪಕ್ಕದ ಬೀದಿ ಅಂಗಡಿಗೇ ಹೋಗಿಬಿಡ್ತಾನೋ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಸರ್ಕಲ್ ಒಂದನ್ನೇ ಹಾಕಿ ನೋಡಿದ್ದರೆ, ಅಲ್ಲಿಂದ ತಪ್ಪಿಸಿದ ಗಾಡಿಗಳು ಯಾವ ಗಲ್ಲಿಗೆ ನುಗ್ಗಿದವು ಅನ್ನೋದೂ ಕಾಣಲ್ಲ. ಹೊಸ ರಸ್ತೆ ಸೇರಿಸಿದರೂ ಕೆಲವು ಸಲ ಎಲ್ಲರ ಪ್ರಯಾಣ ನಿಧಾನ ಆಗಬಹುದು ಅಂತ ಜರ್ಮನಿಯ ಗಣಿತಜ್ಞ ಬ್ರಾಯೆಸ್ 1968ರಲ್ಲೇ ತೋರಿಸಿದ್ದರು.

ಹಾಗಾಗಿ ಸ್ಟಡಿ ಅಂದ ತಕ್ಷಣ ಸುಮ್ಮನಾಗಬೇಡಿ, ಸ್ಟಡಿಯೇ ಬೇಡ ಅಂತಲೂ ಕೂಗಬೇಡಿ. ಯಾವ ತಿಂಗಳು, ಎಷ್ಟು ದಿನ ಎಣಿಸಿದಿರಿ, ಸಂತೆ ದಿನ ಇತ್ತಾ ಅಂತ ಕೇಳಿ. ಈಗಿನ ಸರ್ಕಲ್ಲನ್ನು ಮೊದಲು ಕಂಪ್ಯೂಟರ್‌ನಲ್ಲಿ ಓಡಿಸಿ, ಅಲ್ಲಿ ಬಂದ ಸಾಲಿನ ಉದ್ದ ನಿಜವಾದ ಸಾಲಿಗೆ ಹೊಂದುತ್ತಾ ಅಂತ ನೋಡಿದಿರಾ ಅಂತ ಕೇಳಿ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ: ಇವತ್ತಿನ ಜಾಮನ್ನೇ ತೋರಿಸಲಾಗದ ಮಾಡೆಲ್ ನಾಳೆಯದನ್ನು ಹೇಗೆ ಹೇಳುತ್ತೆ? ಎಷ್ಟು ಸಲ ಓಡಿಸಿದಿರಿ ಅಂತಲೂ ಕೇಳಿ. ಗಾಡಿಗಳು ಅಡ್ಡಾದಿಡ್ಡಿ ಬರೋದರಿಂದ ಪ್ರತಿ ಸಲ ಉತ್ತರ ಸ್ವಲ್ಪ ಬೇರೆ ಬರುತ್ತೆ, ಹಲವು ಸಲ ಓಡಿಸಿ ಸರಾಸರಿ ತೆಗೀಬೇಕು. ಲೋಡಿಂಗ್‌ಗೆ ಸಮಯ ಗೊತ್ತು ಮಾಡೋದು, ಸಂಜೆ ಎರಡು ಗಂಟೆ ಮಾತ್ರ ಪಾರ್ಕಿಂಗ್ ನಿಲ್ಲಿಸೋದು, ಬಸ್ ನಿಲ್ಲೋ ಜಾಗ ಮೂವತ್ತು ಅಡಿ ಮುಂದಕ್ಕೆ ಹಾಕೋದು, ಇವನ್ನೂ ಅದೇ ಮಾಡೆಲ್‌ನಲ್ಲಿ ಓಡಿಸಿ ತೋರಿಸಿ ಅನ್ನಬಹುದು. ಕಂಪ್ಯೂಟರ್‌ನಲ್ಲಿ ಓಡಿಸೋಕೆ ಡಾಂಬರು, ಸಿಮೆಂಟು ಬೇಕಾಗಲ್ಲ.

ರಿಪೋರ್ಟ್ ಕೊಡಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ರಸ್ತೆ ಯಾರದೋ ಆ ಕಚೇರಿಗೆ, ಅಂದರೆ ಪುರಸಭೆಗೋ ಲೋಕೋಪಯೋಗಿ ಇಲಾಖೆಗೋ ಕೊಡಬೇಕು. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯಲ್ಲಿ ‘ಟ್ರಾಫಿಕ್ ಸರ್ವೆ ವರದಿ, ಎಣಿಕೆ ಮಾಡಿದ ದಿನಾಂಕಗಳು, ಗಂಟೆವಾರು ಎಣಿಕೆ ಪಟ್ಟಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಒನ್‌ವೇ, ನೋ ಪಾರ್ಕಿಂಗ್ ಬಗ್ಗೆ ಆಕ್ಷೇಪಣೆ ಕರೆದರೆ ಆ ಪಟ್ಟಿಯ ನಕಲನ್ನೂ ಲಗತ್ತಿಸಿ, ಕೊನೆ ದಿನದೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ.