ಕನ್ನಡಕ ಹಾಕಿದರೆ ನಂಬರ್ ಏರುತ್ತದೆಯೇ?

ಮಗುವಿಗೆ ಕನ್ನಡಕ ಬೇಕು ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಏಳುವ ಮಾತು ಸಾಮಾನ್ಯವಾಗಿ ಒಂದೇ: ‘ಈಗಲೇ ಹಾಕಿಸಬೇಡಿ, ಒಮ್ಮೆ ಹಾಕಿದರೆ ನಂಬರ್ ಏರುತ್ತಲೇ ಹೋಗುತ್ತದೆ.’ ಹೇಳುವವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಮೂರನೇ ಕ್ಲಾಸಿನಲ್ಲಿ ಮೈನಸ್ ಒಂದು ಇದ್ದದ್ದು ಹೈಸ್ಕೂಲು ಮುಗಿಯುವಷ್ಟರಲ್ಲಿ ಮೈನಸ್ ನಾಲ್ಕಾದ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಕನ್ನಡಕ ಬಂತು, ಆಮೇಲೆ ನಂಬರ್ ಏರಿತು. ಎರಡಕ್ಕೂ ಗಂಟು ಬಿದ್ದುಬಿಟ್ಟಿತು. ಹೆಣ್ಣುಮಕ್ಕಳಾದರೆ ಮುಂದೆ ಮದುವೆಯ ಚಿಂತೆಯೂ ಸೇರಿಕೊಳ್ಳುತ್ತದೆ. ಬೋರ್ಡಿನ ಮೇಲೆ ಬರೆದದ್ದು ಕಾಣದೆ, ಪಕ್ಕದವಳ ನೋಟ್ಸ್ ನೋಡಿ ಬರೆದುಕೊಳ್ಳುತ್ತಲೇ ಶಾಲೆ ಮುಗಿಸುವ ಹುಡುಗಿಯರನ್ನು ನೆನೆದರೆ ಸಂಕಟವಾಗುತ್ತದೆ.

ಈ ನಂಬರ್ ಎನ್ನುವುದು ಅಳತೆಗೆ ಸಿಗುವ ವಸ್ತು. ಮೈನಸ್ ಎರಡು ಇರುವವರು ಕನ್ನಡಕ ತೆಗೆದಿಟ್ಟು, ಪುಸ್ತಕವನ್ನು ಮುಖದ ಹತ್ತಿರದಿಂದ ನಿಧಾನವಾಗಿ ದೂರ ಸರಿಸುತ್ತ ಹೋಗಲಿ. ಸುಮಾರು 50 ಸೆಂಟಿಮೀಟರ್ ದಾಟುತ್ತಿದ್ದಂತೆ ಅಕ್ಷರದ ಅಂಚು ಕದಡುತ್ತದೆ. ಒಂದು ಮೀಟರನ್ನು ಎರಡರಿಂದ ಭಾಗಿಸಿದರೆ ಬರುವ ದೂರ ಅದು. ಮೈನಸ್ ನಾಲ್ಕಾದರೆ 25 ಸೆಂಟಿಮೀಟರಿಗೇ ಸ್ಪಷ್ಟತೆ ಮುಗಿಯುತ್ತದೆ. ಕಾರಣ ಕಣ್ಣುಗುಡ್ಡೆಯ ಉದ್ದ. ಹುಟ್ಟಿದಾಗ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುವ ಗುಡ್ಡೆ, ದೊಡ್ಡವರಾಗುವಷ್ಟರಲ್ಲಿ 24ರ ಆಸುಪಾಸಿಗೆ ಬರುತ್ತದೆ. ಅಲ್ಲಿಗೆ ನಿಲ್ಲದೆ ಇನ್ನೊಂದು ಮಿಲಿಮೀಟರ್ ಬೆಳೆದರೆ ಬೆಳಕು ಹಿಂದಿನ ಪರದೆಯನ್ನು, ಅಂದರೆ ರೆಟಿನಾವನ್ನು, ಮುಟ್ಟುವ ಮೊದಲೇ ಒಂದೆಡೆ ಕೂಡಿ ಮತ್ತೆ ಚದುರುತ್ತದೆ. ಆ ಒಂದು ಮಿಲಿಮೀಟರಿಗೆ ನಂಬರು ಎರಡೂವರೆಯಷ್ಟು ಏರುತ್ತದೆ. ಮಗುವಿನ ಅಂಗಿಯ ಅಳತೆ ಬದಲಾಗುವ ವರ್ಷಗಳಲ್ಲೇ ಕನ್ನಡಕದ ಅಳತೆಯೂ ಬದಲಾಗುವುದು ಇದಕ್ಕೇ. ಅಂಗಿ ಹಾಕಿದ್ದರಿಂದ ಮಗು ಉದ್ದವಾಯಿತೆಂದು ಯಾರೂ ಹೇಳುವುದಿಲ್ಲ.

ಹಾಗೆಂದು ಮಸೂರಕ್ಕೂ ಕಣ್ಣಿನ ಬೆಳವಣಿಗೆಗೂ ಸಂಬಂಧವೇ ಇಲ್ಲ ಎಂದುಬಿಟ್ಟರೆ ಅದೂ ಪೂರ್ತಿ ಸತ್ಯವಲ್ಲ. ಈ ವಿಷಯದಲ್ಲಿ ನಮಗೆ ಪಾಠ ಕಲಿಸಿದ್ದು ಕೋಳಿಮರಿಗಳು. 1988ರಲ್ಲಿ ಫ್ರಾಂಕ್ ಶೆಫೆಲ್ ಮತ್ತು ಸಂಗಡಿಗರು ಮರಿಗಳ ಕಣ್ಣ ಮುಂದೆ ಪುಟ್ಟ ಮಸೂರಗಳನ್ನು ಕೂರಿಸಿದರು. ಮೈನಸ್ ಮಸೂರವಿದ್ದ ಕಣ್ಣು ಬೇಗ ಬೇಗ ಉದ್ದವಾಯಿತು, ಪ್ಲಸ್ ಮಸೂರವಿದ್ದದ್ದು ಬೆಳವಣಿಗೆಯನ್ನು ನಿಧಾನಿಸಿತು. ಬಿಂಬ ರೆಟಿನಾದ ಹಿಂದೆ ಬೀಳುತ್ತಿದೆಯೋ ಮುಂದೆ ಬೀಳುತ್ತಿದೆಯೋ ಎಂಬುದನ್ನು ಕಣ್ಣು ಅರಿತು, ಪರದೆಯನ್ನೇ ಬಿಂಬದ ಬಳಿಗೆ ಒಯ್ಯಲು ಹವಣಿಸಿತು. ಇದಕ್ಕೂ ಒಂದು ವರ್ಷ ಮೊದಲು ನ್ಯೂಯಾರ್ಕಿನ ಜೋಶ್ ವಾಲ್‌ಮನ್ ತಂಡ ಇನ್ನೂ ವಿಚಿತ್ರವಾದದ್ದನ್ನು ಕಂಡಿತ್ತು. ಮರಿಯ ಕಣ್ಣಿಗೆ ಅರ್ಧ ಭಾಗದಲ್ಲಿ ಮಾತ್ರ ನೋಟ ಮಸುಕಾಗುವಂತೆ ಮಾಡಿದರೆ, ಗುಡ್ಡೆಯ ಆ ಭಾಗವಷ್ಟೇ ಹಿಗ್ಗುತ್ತಿತ್ತು. ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದರೂ ಮಸುಕು ನೋಟ ಗುಡ್ಡೆಯನ್ನು ಉದ್ದ ಮಾಡುತ್ತಲೇ ಇತ್ತು. ಎಷ್ಟು ಬೆಳೆಯಬೇಕು ಎಂಬ ಲೆಕ್ಕದ ಬಹುಭಾಗ ಕಣ್ಣಿನೊಳಗೇ ನಡೆಯುತ್ತದೆ. ಒಂದು ಅಂಗ ತನ್ನ ಮೇಲೆ ಬಿದ್ದ ಬೆಳಕನ್ನು ನೋಡಿಕೊಂಡು ತನ್ನ ಗಾತ್ರವನ್ನು ತಾನೇ ತಿದ್ದಿಕೊಳ್ಳುವ ಈ ಪರಿಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಮರಿಗಳಿಗೆ ಹಾಕಿದ್ದು ಬೇಡದ ಮಸೂರ ಎಂಬುದನ್ನು ಮಾತ್ರ ಮರೆಯಬಾರದು. ಮಕ್ಕಳಿಗೆ ಸರಿಯಾದ ನಂಬರಿನ ಕನ್ನಡಕ ಕೊಟ್ಟರೆ ಬಿಂಬ ರೆಟಿನಾದ ನಡುವಿನ ಮೇಲೆಯೇ ಬೀಳುತ್ತದೆ. ‘ಸ್ವಲ್ಪ ಕಡಿಮೆ ಪವರ್ ಕೊಡಿ, ಕಣ್ಣು ಸುಧಾರಿಸಲಿ’ ಎಂದು ಕೇಳುವವರಿಗಾಗಿ ಮಲೇಷ್ಯಾದಲ್ಲಿ ನಡೆದ ಒಂದು ಅಧ್ಯಯನವಿದೆ. 2002ರಲ್ಲಿ ಪ್ರಕಟವಾದ ಅದರಲ್ಲಿ 94 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳಿಗೆ ಪೂರ್ತಿ ಪವರ್, ಉಳಿದವರಿಗೆ ಅದಕ್ಕಿಂತ 0.75 ನಂಬರ್ ಕಡಿಮೆ. ಎರಡು ವರ್ಷದ ಕೊನೆಗೆ ಪೂರ್ತಿ ಪವರ್ ಪಡೆದವರ ನಂಬರ್ ಸರಾಸರಿ 0.77 ಏರಿದ್ದರೆ, ಕಡಿಮೆ ಪಡೆದವರದು 1.00 ಏರಿತ್ತು. ಚೌಕಾಸಿಯಿಂದ ಕಣ್ಣಿಗೆ ಲಾಭವಾಗಲಿಲ್ಲ.

ಕೋಳಿಮರಿಗಳ ಪಾಠ ಈಗ ಕನ್ನಡಕದ ಗಾಜಿಗೇ ಇಳಿದಿದೆ. ಹಾಂಗ್‌ಕಾಂಗ್‌ನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು ರೂಪಿಸಿದ ಮಸೂರದಲ್ಲಿ ನಡುವಿನ ವೃತ್ತ ಮಾಮೂಲಿ ನಂಬರಿನದು, ಅದರ ಸುತ್ತ ಒಂದೊಂದು ಮಿಲಿಮೀಟರಿನ ಸುಮಾರು 400 ಕಿರುಮಸೂರಗಳು. ಮಗು ನಡುವಿನಿಂದ ಸ್ಪಷ್ಟವಾಗಿ ನೋಡುತ್ತದೆ. ಕಿರುಮಸೂರಗಳು ಬೆಳಕನ್ನು ರೆಟಿನಾದ ಮುಂದೆ ಕೂಡಿಸಿ, ಬೆಳೆದದ್ದು ಸಾಕು ಎಂಬ ಸೂಚನೆ ಕೊಡುತ್ತವೆ. ಎರಡು ವರ್ಷದ ಪ್ರಯೋಗದಲ್ಲಿ ಇವು ನಂಬರ್ ಏರುವುದನ್ನು ಸಾಧಾರಣ ಕನ್ನಡಕಕ್ಕೆ ಹೋಲಿಸಿದರೆ ಶೇಕಡ 52ರಷ್ಟು ತಗ್ಗಿಸಿದವು. ಬೆಲೆ ದುಬಾರಿ. ಬಿಸಿಲಿಗೆ ಬೆಲೆಯಿಲ್ಲ: ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಿಗೆ ಬಯಲಿಗೆ ಬಿಟ್ಟಾಗ, ಮೂರು ವರ್ಷದಲ್ಲಿ ಸಮೀಪದೃಷ್ಟಿ, ಅಂದರೆ ಮೈನಸ್ ನಂಬರ್, ಬಂದವರು ಶೇಕಡ 30.4, ಬಿಡದ ಶಾಲೆಗಳಲ್ಲಿ 39.5. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳುವ ನಮ್ಮ ಶಾಲೆಗಳು ಈ ಅಂಕಿಗಳನ್ನು ನೋಡಬೇಕು.

‘ಹಾಕಿಕೊಂಡ ಮೇಲೆ ಕನ್ನಡಕವಿಲ್ಲದೆ ಏನೂ ಕಾಣುವುದಿಲ್ಲ’ ಎಂಬ ದೂರು ಬೇರೆ. ಮಸುಕಿಗೆ ಒಗ್ಗಿಕೊಂಡಿದ್ದ ಮಿದುಳು ಸ್ಪಷ್ಟತೆಯ ರುಚಿ ಕಂಡ ಮೇಲೆ ಹಳೆಯ ಮಸುಕನ್ನು ಒಪ್ಪುವುದಿಲ್ಲ. ಪ್ಲಸ್ ನಂಬರಿನ ಮಕ್ಕಳಲ್ಲಿ ಇನ್ನೊಂದು ಕಾರಣವೂ ಉಂಟು: ಅಲ್ಲಿಯವರೆಗೆ ಕಣ್ಣೊಳಗಿನ ಸ್ನಾಯು ಹಗಲಿಡೀ ಬಿಗಿಹಿಡಿದು ದುಡಿಯುತ್ತಿತ್ತು, ಕನ್ನಡಕ ಬಂದಮೇಲೆ ಅದು ಸಡಿಲವಾಯಿತು. ಚಾಳೀಸು ಹಾಕಿದವರ ನಂಬರ್ 60ರವರೆಗೂ ಏರುವುದು ಕಣ್ಣಿನ ಮಸೂರ ವಯಸ್ಸಿಗೆ ಗಡುಸಾಗುವುದರಿಂದ. ಹಾಕದಿದ್ದವರಿಗೂ ಅದು ಹಾಗೇ ಗಡುಸಾಗುತ್ತದೆ.

ನಿಜವಾದ ಅಪಾಯ ಕನ್ನಡಕ ಹಾಕದಿರುವುದರಲ್ಲಿದೆ, ಅದೂ ಎಳೆಯ ಮಕ್ಕಳಲ್ಲಿ. ಒಂದು ಕಣ್ಣಿನ ನಂಬರ್ ಇನ್ನೊಂದಕ್ಕಿಂತ ಬಹಳ ಬೇರೆಯಿದ್ದರೆ ಮಿದುಳು ಚೆನ್ನಾಗಿ ಕಾಣುವ ಕಣ್ಣನ್ನೇ ನೆಚ್ಚಿಕೊಂಡು ಮತ್ತೊಂದನ್ನು ಕಡೆಗಣಿಸುತ್ತದೆ. ಬಳಸದ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಇಂಥ ಮಕ್ಕಳಲ್ಲಿ ಕನ್ನಡಕ ದೃಷ್ಟಿಯನ್ನೇ ಬೆಳೆಸುತ್ತದೆ: ಮೂರರಿಂದ ಏಳರೊಳಗಿನ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲುಭಾಗಕ್ಕಿಂತ ತುಸು ಹೆಚ್ಚು ಮಕ್ಕಳ ಸೋಮಾರಿ ಕಣ್ಣು, ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ ಕಟ್ಟುವ ಮೊದಲೇ, ಬರೀ ಕನ್ನಡಕದಿಂದ ಸರಿಹೋಯಿತು. ವಯಸ್ಸಾದಷ್ಟೂ ಈ ಕಲಿಕೆ ಕಷ್ಟ. ಎರಡೂ ಕಣ್ಣು ತೆರೆದು ಓಡಾಡುವ ಮಗುವಿನಲ್ಲಿ ಈ ದೋಷ ಯಾರ ಗಮನಕ್ಕೂ ಬರುವುದಿಲ್ಲ. ಅಂಕಿ ಗುರುತಿಸುವ ವಯಸ್ಸು ಬಂದೊಡನೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ದೂರದಿಂದ ಓದಿಸಿ; ಆಮೇಲೆ ಇನ್ನೊಂದನ್ನು ಮುಚ್ಚಿಸಿ. ಒಂದು ಕಣ್ಣಿನಲ್ಲಿ ತಡವರಿಸಿದರೆ, ಅಥವಾ ಒಂದು ಕಣ್ಣು ಮುಚ್ಚುವುದಕ್ಕೆ ಮಾತ್ರ ಮಗು ರಚ್ಚೆ ಹಿಡಿದರೆ, ಆ ವಾರವೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಮಗು ಸಲೀಸಾಗಿ ಓದಿತೆಂದರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ತೋರಿಸಿ. ಹನಿ ಹಾಕಿ ಸ್ನಾಯುವನ್ನು ಸಡಿಲಿಸಿ ಅಳೆದರೇ ಮಕ್ಕಳ ಪ್ಲಸ್ ನಂಬರ್ ಪೂರ್ತಿಯಾಗಿ ತಿಳಿಯುವುದು.