ಬಾಟಲಿಯ ಚಾಕಲೇಟು-ಕೊಬ್ಬರಿಯಲ್ಲಿ ಏನಿದೆ?



ಈಚೆಗೆ ಗಂಗಾವತಿಯ ಸಂತೆಗೆ ಹೋದವರು ಕಾಯಿಪಲ್ಲೆಯ ಜೊತೆಗೆ ಒಂದು ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಬರುವುದು ಕಾಣುತ್ತಿದೆ. ಅದು ಬ್ರೆಡ್ಡಿಗೂ ಚಪಾತಿಗೂ ಹಚ್ಚಿಕೊಂಡು ತಿನ್ನುವ ಚಾಕಲೇಟಿನ ಲೇಪ. ಅಂಗಡಿಯವರು ಇದಕ್ಕೆ ‘ಸ್ಪ್ರೆಡ್’ ಎನ್ನುತ್ತಾರೆ. ಕೊಬ್ಬರಿ ಬೆರೆಸಿದ್ದೂ ಉಂಟು. ಹೇಮಗುಡ್ಡದ ತಾಯಿಯೊಬ್ಬರು ನನ್ನನ್ನು ಕೇಳಿದರು: “ಸಾಹೇಬ್ರ, ಇದರಾಗ ಕೊಬ್ಬರಿ ಐತಂತ. ಹುಡುಗ ರೊಟ್ಟಿ ಬಿಟ್ಟು ಇದನ್ನ ತಿಂತಾನ. ಮೈ ಗಟ್ಟಿ ಆಗ್ತದೇನ್ರಿ?”

ಪ್ರಶ್ನೆ ಒಳ್ಳೆಯದು. ಉತ್ತರವನ್ನು ಎಲ್ಲರೂ ತಿಳಿಯುವುದು ಲೇಸೆಂದು ಇಲ್ಲಿ ಬರೆದಿದ್ದೇನೆ.

ಒಳಗಿರುವ ಪದಾರ್ಥಗಳು

ಈ ಲೇಪದಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿರುತ್ತವೆ: ಕೊಬ್ಬರಿ, ಕೋಕೋ ಪುಡಿ, ಸಕ್ಕರೆ. ಕೆಲವರು ಇವುಗಳ ಜೊತೆಗೆ ಬೇರೆ ಎಣ್ಣೆಯನ್ನೂ ಹಾಲಿನ ಪುಡಿಯನ್ನೂ ಸೇರಿಸುತ್ತಾರೆ.

ಕೊಬ್ಬರಿಯನ್ನು ನೀವು ಬಲ್ಲಿರಿ. ನೂರು ಗ್ರಾಂ ಒಣಕೊಬ್ಬರಿಯಲ್ಲಿ ಸುಮಾರು 64 ಗ್ರಾಂ ಜಿಡ್ಡು ಇದೆ. ಮೈ ಕಟ್ಟುವ ಸಸಾರಜನಕ, ಅಂದರೆ ಪ್ರೋಟೀನು, 7 ಗ್ರಾಂ ಮಾತ್ರ. ಕೊಬ್ಬರಿಯ ಜಿಡ್ಡಿನಲ್ಲಿ ನೂರಕ್ಕೆ ಸುಮಾರು 90 ಪಾಲು ತಂಪಿಗೆ ಗಟ್ಟಿಯಾಗುವ ಜಾತಿಯದು. ಈ ಜಾತಿಯ ಜಿಡ್ಡನ್ನು ಮಿತವಾಗಿ ತಿನ್ನಬೇಕೆಂದು ವೈದ್ಯರು ಹೇಳುತ್ತಾರೆ.

ಕೋಕೋ ಒಂದು ಮರದ ಬೀಜ. ನಮ್ಮ ರಾಜ್ಯದಲ್ಲಿ ದಕ್ಷಿಣ ಕನ್ನಡದ ಕಡೆ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತಾರೆ. ಅಲ್ಲಿಯ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ 1973ರಲ್ಲಿ ಸ್ಥಾಪನೆಯಾಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆ ತೆರೆಯಿತು. ರೈತರು ತಮ್ಮ ಬೆಳೆಯನ್ನು ತಾವೇ ಸಂಸ್ಕರಿಸಿ ಮಾರಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಕೋಕೋ ಪುಡಿಯಲ್ಲಿ ಸಸಾರಜನಕವೂ ಕಬ್ಬಿಣಾಂಶವೂ ಚೆನ್ನಾಗಿಯೇ ಇವೆ. ಆದರೆ ಲೇಪಕ್ಕೆ ಬೀಳುವ ಪುಡಿ ಸ್ವಲ್ಪ. ಮೇಲಾಗಿ, ಚಹಾದಲ್ಲಿರುವಂತೆ ಕೋಕೋದಲ್ಲಿಯೂ ಒಂದು ಒಗರು ಅಂಶವಿದ್ದು, ಅದು ಊಟದಲ್ಲಿಯ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತದೆ.

ಉಳಿದದ್ದು ಸಕ್ಕರೆ. ಅದರಲ್ಲಿ ಶಕ್ತಿಯ ಹೊರತು ಬೇರೆ ಸತ್ವವಿಲ್ಲ.

ಲೆಕ್ಕ ಮಾಡಿ ನೋಡೋಣ

ಮನೆಯಲ್ಲಿಯೇ 100 ಗ್ರಾಂ ಕೊಬ್ಬರಿ, 60 ಗ್ರಾಂ ಸಕ್ಕರೆ, 20 ಗ್ರಾಂ ಕೋಕೋ ಪುಡಿ ಸೇರಿಸಿ ಅರೆದಿರೆಂದು ತಿಳಿಯಿರಿ. ಅಂತಹ ಲೇಪದ 100 ಗ್ರಾಮಿನಲ್ಲಿ ಜಿಡ್ಡು ಸುಮಾರು 37 ಗ್ರಾಂ, ಸಕ್ಕರೆ 33 ಗ್ರಾಂ, ಸಸಾರಜನಕ 6 ಗ್ರಾಂ, ಶಕ್ತಿ ಸುಮಾರು 520 ಕ್ಯಾಲರಿ.

ಇದು ಕೈಬಿಗಿಹಿಡಿದು ಸಕ್ಕರೆ ಹಾಕಿದ ಲೆಕ್ಕ. ಅಂಗಡಿಯ ಚಾಕಲೇಟು ಲೇಪಗಳಲ್ಲಿ ನೂರು ಗ್ರಾಮಿಗೆ 50 ಗ್ರಾಂ ಮೀರಿ ಸಕ್ಕರೆ ಇರುವವೂ ಉಂಟು. ಅಂತಹದನ್ನು ಮಗು 30 ಗ್ರಾಂ, ಎಂದರೆ ಎರಡು ದೊಡ್ಡ ಚಮಚ, ತಿಂದರೆ 15 ಗ್ರಾಂ ಸಕ್ಕರೆ ಹೊಟ್ಟೆಗೆ ಹೋದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸಲಹೆಯಂತೆ, ಬೆಳೆದವರಿಗೇ ದಿನಕ್ಕೆ 25 ಗ್ರಾಮಿನೊಳಗೆ ಸಕ್ಕರೆಯಿದ್ದರೆ ಉತ್ತಮ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು.

ಈ ಲೇಪ ವಿಷವೇನೂ ಅಲ್ಲ. ಹಬ್ಬಕ್ಕೆ, ಆಸೆಗೆ ಒಂದು ಚಮಚ ತಿಂದರೆ ಬಾಧಕವಿಲ್ಲ. ಆದರೆ ರೊಟ್ಟಿ-ಪಲ್ಲೆಯ ಜಾಗವನ್ನು ಇದಕ್ಕೆ ಬಿಟ್ಟುಕೊಡಬಾರದು. ಹೊಟ್ಟೆ ತುಂಬಿದ ಮಗುವಿಗೆ ಹಸಿವಾಗುವುದಿಲ್ಲ. ಹಸಿವಿಲ್ಲದ ಮಗು ಸೊಪ್ಪು-ಕಾಳು ಮುಟ್ಟುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇಂತಹ ಸ್ಥಿತಿಯಲ್ಲಿ ಮಕ್ಕಳು ತಿನ್ನುವ ಪ್ರತಿಯೊಂದು ತುತ್ತೂ ಲೆಕ್ಕಕ್ಕೆ ಬರುತ್ತದೆ.

ಚೀಟಿ ಓದುವ ಕ್ರಮ

ಬಾಟಲಿ ಕೊಳ್ಳುವ ಮುನ್ನ ಅದರ ಮೇಲಿನ ಚೀಟಿಯನ್ನು ಓದಿರಿ. ನಿಮಗೆ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ.

1. ಪದಾರ್ಥಗಳ ಹೆಸರುಗಳನ್ನು ತೂಕ ಹೆಚ್ಚಿದ್ದುದು ಮೊದಲು, ಕಡಿಮೆಯದು ಕೊನೆಗೆ ಎಂಬ ಕ್ರಮದಲ್ಲಿ ಮುದ್ರಿಸಬೇಕೆಂಬುದು ಸರಕಾರದ ನಿಯಮ. ಸಕ್ಕರೆಯೇ ಮೊದಲಿದ್ದರೆ ನೀವು ಕೊಳ್ಳುವುದು ಮುಖ್ಯವಾಗಿ ಸಕ್ಕರೆಯನ್ನೇ.
2. ‘100 ಗ್ರಾಮಿಗೆ’ ಎಂಬ ಸಾಲಿನಲ್ಲಿ ಸಕ್ಕರೆ ಎಷ್ಟು, ಪ್ರೋಟೀನು ಎಷ್ಟು ಎಂದು ಹೋಲಿಸಿರಿ.
3. ಮುಂಭಾಗದ ಚಿತ್ರಕ್ಕೆ ಮರುಳಾಗಬೇಡಿರಿ. ಒಡೆದ ತೆಂಗಿನಕಾಯಿಯ ಚಿತ್ರ ದೊಡ್ಡದಿರಬಹುದು, ಒಳಗಿನ ಕೊಬ್ಬರಿ ಚಿಟಿಕೆಯಷ್ಟಿರಬಹುದು.

ನಮ್ಮ ಹೊಲದ ಲೇಪ

ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಮಳೆ ಹೊಲಗಳಲ್ಲಿ ಶೇಂಗಾ, ಎಳ್ಳು, ಸಜ್ಜೆ ಬೆಳೆಯುತ್ತವೆ. ಶೇಂಗಾ ಮಾರಿ ಬಂದ ಹಣದಲ್ಲಿ ಬಾಟಲಿ ತರುವ ಮುನ್ನ ಈ ಲೆಕ್ಕವನ್ನೂ ನೋಡಿರಿ.

ಶೇಂಗಾ 100 ಗ್ರಾಂ, ಎಳ್ಳು 25 ಗ್ರಾಂ, ಒಣಕೊಬ್ಬರಿ 25 ಗ್ರಾಂ, ಬೆಲ್ಲ 50 ಗ್ರಾಂ ತೆಗೆದುಕೊಳ್ಳಿರಿ. ಶೇಂಗಾ ಮತ್ತು ಎಳ್ಳನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು ಆರಿಸಿರಿ. ಎಲ್ಲವನ್ನೂ ಒರಳಿನಲ್ಲಿ ಅಥವಾ ಮಿಕ್ಸರಿನಲ್ಲಿ ಎಣ್ಣೆ ಬಿಡುವವರೆಗೆ ಅರೆಯಿರಿ. ನೀರು ಸೋಕಿಸಬೇಡಿರಿ. ಒಣಗಿದ ಡಬ್ಬಿಯಲ್ಲಿ ತುಂಬಿ, ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಿರಿ.

ಇದರ 100 ಗ್ರಾಮಿನಲ್ಲಿ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಆದರೆ ಸಸಾರಜನಕ ಸುಮಾರು 15 ಗ್ರಾಂ, ಕೊಬ್ಬರಿ-ಕೋಕೋ ಲೇಪದ ಎರಡೂವರೆ ಪಟ್ಟು. ಸಿಹಿ 25 ಗ್ರಾಮಿನಷ್ಟು ಮಾತ್ರ. ನೂರು ಗ್ರಾಂ ಎಳ್ಳಿನಲ್ಲಿ ಸುಮಾರು 1000 ಮಿಲಿಗ್ರಾಂ ಸುಣ್ಣದಂಶವಿದೆ; ಅದೆಲ್ಲವೂ ಮೈಗೆ ಹತ್ತದಿದ್ದರೂ ಎಲುಬಿಗೆ ಒಳ್ಳೆಯದೇ. ಬೆಲ್ಲವೂ ಸಕ್ಕರೆಯ ಬಳಗವೇ, ಆದ್ದರಿಂದ ಕೈ ಬಿಗಿಯಿರಲಿ. ಇದನ್ನು ಸಜ್ಜೆ ರೊಟ್ಟಿಗೆ ಹಚ್ಚಿ ಸುರುಳಿ ಸುತ್ತಿ ಕೊಡಿರಿ. ಸಜ್ಜೆಯಲ್ಲಿ ಕಬ್ಬಿಣಾಂಶ ಉಂಟು. ಜೊತೆಗಿನ ಪಲ್ಲೆಗೆ ನಿಂಬೆಹಣ್ಣು ಹಿಂಡಿದರೆ ಆ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಮಕ್ಕಳಿಗೆ ಕೋಕೋ ವಾಸನೆಯೇ ಬೇಕೆಂದರೆ ಅರೆಯುವಾಗ ಒಂದು ಚಮಚ ಪುಡಿ ಸೇರಿಸಬಹುದು.

ಎಚ್ಚರಿಕೆ

ಬೂಸ್ಟು ಹಿಡಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಶೇಂಗಾವನ್ನೂ ಕೊಬ್ಬರಿಯನ್ನೂ ಎಂದಿಗೂ ಬಳಸಬೇಡಿರಿ. ಅವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಕಾಳನ್ನು ಪೇಟೆಗೆ ಕಳಿಸಿ ಕೆಟ್ಟದ್ದನ್ನು ಮನೆಗೆ ಉಳಿಸಿಕೊಳ್ಳುವ ರೂಢಿಯನ್ನು ಬಿಡಿರಿ. ಕಾಯಿ ಕಿತ್ತ ಮೇಲೆ ಚೆನ್ನಾಗಿ ಒಣಗಿಸಿ ಚೀಲ ತುಂಬಿರಿ. ಶೇಂಗಾ ತಿಂದು ಮೈಮೇಲೆ ಗಂಧೆಯಾಗಲಿ, ಉಸಿರು ಕಟ್ಟುವುದಾಗಲಿ ಕಂಡ ಮಕ್ಕಳಿಗೆ ಇದನ್ನು ಕೊಡಕೂಡದು.

ಹೇಮಗುಡ್ಡದ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: “ಅವ್ವಾ, ಬಾಟಲಿಯದು ಬಾಯಿಗೆ ರುಚಿ, ಮೈ ಕಟ್ಟುವುದು ನಿಮ್ಮ ಕಣಜದಲ್ಲಿಯೇ ಇದೆ.” ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ನಮ್ಮ ಹೊಲದ ಶೇಂಗಾದ ಪಾಲಿಗೆ ನಿಜವಾಗದಿರಲಿ. ಬೆಳೆದದ್ದೆಲ್ಲವನ್ನೂ ಮಾರಬೇಡಿರಿ. ಒಂದು ಚೀಲ ಒಳ್ಳೆಯ ಕಾಳನ್ನು ಮಕ್ಕಳ ಹೆಸರಿನಲ್ಲಿ ತೆಗೆದಿಡಿರಿ.