ಹಾಲು-ಮೊಸರು ಬಿಡಿಸುವ ಮುನ್ನ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎನ್ನುತ್ತಾರೆ ನಮ್ಮ ಹಿರಿಯರು. ನಮ್ಮ ಮಗನಿಗೆ ಎರಡು ವರ್ಷ ತುಂಬಿದಾಗ ಊಟ, ಮಾತು ಎರಡೂ ಸಮಸ್ಯೆಯೇ ಆಗಿದ್ದವು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ತಿನ್ನುತ್ತಿದ್ದುದು ಮೊಸರನ್ನ, ಚಪಾತಿ, ಬಿಸ್ಕತ್ತು ಮಾತ್ರ. ಅಮೆರಿಕಾದಲ್ಲಿ 18 ಮತ್ತು 24ನೇ ತಿಂಗಳಿನಲ್ಲಿ ಎಲ್ಲ ಮಕ್ಕಳಿಗೂ ಆಟಿಸಂ ತಪಾಸಣೆ ಆಗಬೇಕೆಂಬುದು ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಆ ಪ್ರಶ್ನಾವಳಿ ನೋಡಿದ ನಮ್ಮ ಡಾಕ್ಟರು, "ಆಟಿಸಂ ಇರಬಹುದು, ಪರೀಕ್ಷೆ ಮಾಡಿಸೋಣ" ಎಂದರು.

ಸರಿ, ಸಲಹೆಗಳ ಸುರಿಮಳೆ ಶುರುವಾಯಿತು! "ಹಾಲು, ಗೋಧಿ ಎರಡೂ ನಿಲ್ಲಿಸಿಬಿಡು" ಎಂದಳು ಗೆಳತಿ. ಇನ್ನೊಬ್ಬರು ಬಿ6, ಮೆಗ್ನೀಷಿಯಂ, ಮೀನೆಣ್ಣೆಯ ಪಟ್ಟಿಯನ್ನೇ ಕೊಟ್ಟರು. ಊರಿನಿಂದ ಅತ್ತೆಯವರು, "ಬಜೆ ತೇದು ನಾಲಿಗೆಗೆ ಹಚ್ಚಮ್ಮಾ, ಅವನಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ" ಎಂದರು. ಬಜೆಯನ್ನು ಆಹಾರದಲ್ಲಿ ಬೆರೆಸುವುದನ್ನು ಇಲ್ಲಿನ ಎಫ್‌ಡಿಎ 1968ರಲ್ಲೇ ನಿಷೇಧಿಸಿದೆ ಎಂದು ಅವರಿಗೆ ಮೆಲ್ಲಗೆ ತಿಳಿಸಬೇಕಾಯಿತು.

ಗೋಧಿಯ ಗ್ಲುಟೆನ್, ಹಾಲಿನ ಕೇಸೀನ್ ಸರಿಯಾಗಿ ಜೀರ್ಣವಾಗದೆ ಮಿದುಳಿನ ಮೇಲೆ ಅಮಲಿನಂತಹ ಪರಿಣಾಮ ಬೀರುತ್ತವೆ ಎಂಬುದು ಈ ಪಥ್ಯದ ಹಿಂದಿನ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ 2008ರ ಕಾಕ್ರೇನ್ ಪರಿಶೀಲನೆಗೆ ಸಿಕ್ಕಿದ್ದು ದುರ್ಬಲ ಸಾಕ್ಷ್ಯ ಮಾತ್ರ. ರಾಚೆಸ್ಟರ್ ವಿಶ್ವವಿದ್ಯಾಲಯದವರು 14 ಮಕ್ಕಳನ್ನು ಪಥ್ಯದಲ್ಲಿಟ್ಟು, ನಡುನಡುವೆ ಯಾರಿಗೂ ತಿಳಿಯದಂತೆ ಗೋಧಿ, ಹಾಲಿನ ಅಂಶ ತಿನ್ನಿಸಿ ನೋಡಿದರು. ವರ್ತನೆಯಲ್ಲಾಗಲೀ ನಿದ್ದೆಯಲ್ಲಾಗಲೀ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು 2016ರಲ್ಲಿ ಪ್ರಕಟಿಸಿದರು.

"ಪ್ರಯತ್ನಿಸಿದರೆ ನಷ್ಟವೇನು?" ಎಂದು ನೀವು ಕೇಳಬಹುದು. ನಮ್ಮಂತಹ ಸಸ್ಯಾಹಾರಿಗಳ ಮನೆಯಲ್ಲಿ ನಷ್ಟ ದೊಡ್ಡದೇ. ಮೂರರೊಳಗಿನ ಮಗುವಿಗೆ ದಿನಕ್ಕೆ 700 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಕಪ್ ಹಾಲಿನಲ್ಲೇ ಸುಮಾರು 300 ಸಿಗುತ್ತದೆ. ಬಿ12ಕ್ಕೂ ನಮಗೆ ಹಾಲು-ಮೊಸರೇ ಗತಿ. ಗೋಧಿ ಬಿಡುವುದೇನೋ ಇಡ್ಲಿ, ಅಕ್ಕಿ ರೊಟ್ಟಿ, ರಾಗಿ ಉಣ್ಣುವ ನಮಗೆ ಸುಲಭ. ಆದರೆ ಅಂಗಡಿಯ ಎಷ್ಟೋ ಹಿಂಗಿನ ಡಬ್ಬಿಗಳಲ್ಲಿ ಗೋಧಿ ಹಿಟ್ಟಿರುತ್ತದೆ! ಇನ್ನೊಂದು ಮಾತು: ಸೀಲಿಯಾಕ್ ಕಾಯಿಲೆಯ ಅನುಮಾನವಿದ್ದರೆ ಗೋಧಿ ಬಿಡಿಸುವ ಮೊದಲೇ ರಕ್ತ ಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.

ಸಪ್ಲಿಮೆಂಟುಗಳೂ ಅಷ್ಟೆ. 1994ರ ಕಾನೂನಿನ ಪ್ರಕಾರ ಅವು ಮಾರುಕಟ್ಟೆಗೆ ಬರಲು ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಬಿ6 ಅತಿಯಾದರೆ ನರಗಳಿಗೆ ಹಾನಿ. ವಿಟಮಿನ್ ಎ, ಕಬ್ಬಿಣ ಅತಿಯಾದರೆ ವಿಷ. ಹಾಗಾಗಿ ನಾವು ಮೊದಲು ಡಾಕ್ಟರ ಬಳಿ ಕಬ್ಬಿಣ, ವಿಟಮಿನ್ ಡಿ, ಬಿ12 ಮತ್ತು ಸೀಸದ ಪರೀಕ್ಷೆ ಮಾಡಿಸಿದೆವು. ಕಡಿಮೆ ಇದ್ದುದು ಕಬ್ಬಿಣ. ಅದಕ್ಕಷ್ಟೇ, ಅವರು ಹೇಳಿದ ಅಳತೆಯಲ್ಲಿ ಹನಿಗಳನ್ನು ಕೊಟ್ಟೆವು. ಹಾಲು-ಮೊಸರು ಮುಂದುವರಿಯಿತು.

ಅದೇ ವಾರ ನಮ್ಮ ರಾಜ್ಯದ ಅರ್ಲಿ ಇಂಟರ್ವೆನ್ಷನ್ ಕಚೇರಿಗೆ ಫೋನ್ ಮಾಡಿದೆವು. ಮೂರು ವರ್ಷದೊಳಗಿನ ಮಗುವಿಗೆ ಈ ಪರೀಕ್ಷೆ ಉಚಿತ. ಡಾಕ್ಟರ ಚೀಟಿ ಬೇಕಿಲ್ಲ, ಆಟಿಸಂ ಎಂದು ಖಚಿತವಾಗುವವರೆಗೆ ಕಾಯಲೂ ಬೇಕಿಲ್ಲ. ಮಗು ಅರ್ಹವಾದರೆ 45 ದಿನಗಳೊಳಗೆ ಯೋಜನೆಯ ಸಭೆ ಆಗಬೇಕೆಂಬುದು ನಿಯಮ. ಮೂರು ತುಂಬಿದ ಮೇಲೆ ಊರಿನ ಸ್ಕೂಲ್ ಡಿಸ್ಟ್ರಿಕ್ಟನ್ನು ಕೇಳಬೇಕು. "ಆರು ತಿಂಗಳು ಪಥ್ಯ ಮಾಡಿ ನೋಡೋಣ, ಆಮೇಲೆ ಫೋನ್" ಎಂದು ಕುಳಿತರೆ ಕಳೆದುಹೋಗುವುದು ಮಗುವಿನ ಅಮೂಲ್ಯವಾದ ಆರು ತಿಂಗಳು.

ಈಗ ಅವನಿಗೆ ಐದು ವರ್ಷ. ಆಟಿಸಂ ಇದೆ. ಸ್ಪೀಚ್ ಥೆರಪಿ ನಡೆದಿದೆ, ಪುಟ್ಟ ಪುಟ್ಟ ವಾಕ್ಯಗಳು ಬರುತ್ತಿವೆ. ಸಾರನ್ನಕ್ಕೂ ಬಡ್ತಿ ಸಿಕ್ಕಿದೆ!

ನಲ್ಮೆಯ ಓದುಗರೇ, ನಿಮ್ಮ ಮಗುವಿನ ಬಗ್ಗೆ ಇಂಥ ಅನುಮಾನವಿದ್ದರೆ ಮೊದಲು ಆ ಫೋನ್ ಮಾಡಿ. ಪಥ್ಯ ಮಾಡಲೇಬೇಕೆನಿಸಿದರೆ ಡಾಕ್ಟರು ಮತ್ತು ಡಯೆಟೀಷಿಯನ್‌ರನ್ನು ಕೇಳಿಯೇ ಮಾಡಿ. ಹಬ್ಬದೂಟದಲ್ಲಿ ಯಾವುದಾದರೂ ಮಗು ಹೋಳಿಗೆ ಬಿಟ್ಟು ಬರೀ ಮೊಸರನ್ನ ಕೇಳಿದರೆ, ದಯವಿಟ್ಟು ನಗುನಗುತ್ತಾ ಬಡಿಸಿ.